ಡಾಸ್‌ನಲ್ಲಿ ಮೌಸ್ ತಕರಾರು: ಪತ್ತೆ ಮತ್ತು ಪರಿಹಾರ

ಎಂಎಸ್-ಡಾಸ್ 6.22 ಹೊರಬಂದದ್ದು 1994ರಲ್ಲಿ. ಡಾಸ್‌ಗೆಂದೇ ಬರೆದ ತಂತ್ರಾಂಶವನ್ನು ಅವಲಂಬಿಸಿದ ಹಳೆಯ ಅಳತೆ ಉಪಕರಣಗಳು ಮಾತ್ರ ಇನ್ನೂ ಪೂರ್ತಿ ಮರೆಯಾಗಿಲ್ಲ. ಇಂಥ ಗಣಕದಲ್ಲಿ ಕೆಲಸದ ನಡುವೆ ಮೌಸ್ ಸ್ತಬ್ಧವಾಗಿ, ಗಣಕವೂ ನಿಂತುಬಿಟ್ಟರೆ ಉಳಿಸದೇ ಇದ್ದ ಅಳತೆಗಳೆಲ್ಲ ನಷ್ಟವಾಗುತ್ತವೆ. ಹೊಸ ಮೌಸ್ ಜೋಡಿಸಿದರೂ ತೊಂದರೆ ಉಳಿದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಮೌಸ್ ಅಲುಗಿದಾಗ ಪ್ರೊಸೆಸರ್‌ನ ಗಮನ ಸೆಳೆಯುವ ವಿದ್ಯುತ್ ಸಂಕೇತವೊಂದು ಹೊರಡುತ್ತದೆ. ಇದಕ್ಕೆ ಮೀಸಲಾದ ಮಾರ್ಗವೇ ಐಆರ್‌ಕ್ಯೂ. ವಾಡಿಕೆಯಂತೆ ಕಾಮ್-1 ಮತ್ತು ಕಾಮ್-3 ಪೋರ್ಟ್‌ಗಳಿಗೆ 4ನೇ ಮಾರ್ಗ, ಕಾಮ್-2 ಮತ್ತು ಕಾಮ್-4ಕ್ಕೆ 3ನೇ ಮಾರ್ಗ. ಪಿಎಸ್/2 ಮೌಸ್‌ಗೆ 12ನೆಯದು. ಕಾಮ್-1ರಲ್ಲಿ ಮೌಸ್, ಕಾಮ್-3ರಲ್ಲಿ ಮೋಡೆಮ್ ಇದೆ ಎನ್ನಿ. ಮೋಡೆಮ್ ಸುಮ್ಮನಿರುವವರೆಗೆ ಎಲ್ಲವೂ ಸರಿ. ಅದು ಕೆಲಸಕ್ಕೆ ತೊಡಗಿದೊಡನೆ ಒಂದೇ ಮಾರ್ಗಕ್ಕೆ ಇಬ್ಬರು ಹಕ್ಕುದಾರರು! ಮೌಸನ್ನು ಕಾಮ್-2ಕ್ಕೆ ಬದಲಿಸಿದರೆ ಜಗಳ ತೀರುತ್ತದೆ.

ಎರಡನೆಯ ಕಾರಣ, ಎರಡೆರಡು ಡ್ರೈವರ್‌ಗಳು. ಕಾನ್ಫಿಗ್.ಸಿಸ್ ಕಡತ ಮೌಸ್.ಸಿಸ್ ಅನ್ನು ಕರೆತಂದರೆ, ಆಟೋಎಕ್ಸೆಕ್.ಬ್ಯಾಟ್ ಕಡತ ಇನ್ನೊಂದು ಕಂಪನಿಯ ಮೌಸ್.ಕಾಮ್ ಅನ್ನು ಕರೆತರಬಹುದು. ಎರಡೂ ಒಂದೇ ಪೋರ್ಟ್‌ಗೆ ಕೈಹಾಕುತ್ತವೆ. 640 ಕಿಲೋಬೈಟ್‌ಗಳ ಇಕ್ಕಟ್ಟಾದ ಸ್ಮೃತಿಯಲ್ಲಿ ಜಾಗವನ್ನೂ ಕಬಳಿಸುತ್ತವೆ.

ಪತ್ತೆಯ ಕ್ರಮ ಹೀಗಿರಲಿ:

1. ಈ ಎರಡೂ ಕಡತಗಳ ಪ್ರತಿಯನ್ನು ಫ್ಲಾಪಿಯಲ್ಲಿ ಇಟ್ಟುಕೊಳ್ಳಿ.

2. ಡಾಸ್ ಆರಂಭವಾಗುತ್ತಿದೆ ಎಂಬ ಸಂದೇಶ ಕಂಡಾಗ ಎಫ್8 ಒತ್ತಿ. ಕಾನ್ಫಿಗ್.ಸಿಸ್‌ನ ಒಂದೊಂದು ಸಾಲಿಗೂ ಗಣಕ ನಿಮ್ಮ ಒಪ್ಪಿಗೆ ಕೇಳುತ್ತದೆ. ಆವೃತ್ತಿ 6.2ರಿಂದ ಆಟೋಎಕ್ಸೆಕ್.ಬ್ಯಾಟ್‌ಗೂ ಈ ಸೌಲಭ್ಯವಿದೆ.

3. 'ಮೆಮ್ /ಸಿ' ಆದೇಶ ಕೊಟ್ಟು, ಸ್ಮೃತಿಯಲ್ಲಿ ಎಷ್ಟು ಮೌಸ್ ಡ್ರೈವರ್‌ಗಳಿವೆ ನೋಡಿ.

4. ಹೆಚ್ಚುವರಿ ಡ್ರೈವರಿನ ಸಾಲನ್ನು ಅಳಿಸಬೇಡಿ. ಅದರ ಮೊದಲಿಗೆ 'ರೆಮ್' ಸೇರಿಸಿ. ಡಾಸ್ ಅದನ್ನು ಟಿಪ್ಪಣಿಯೆಂದು ಬಿಟ್ಟು ಮುಂದುವರಿಯುತ್ತದೆ.

5. ಆವೃತ್ತಿ 6ರೊಂದಿಗೆ ಬರುವ 'ಎಂಎಸ್‌ಡಿ' ಕಾರ್ಯಕ್ರಮದಲ್ಲಿ ಐಆರ್‌ಕ್ಯೂ ಪಟ್ಟಿಯನ್ನು ಪರಿಶೀಲಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗಣಕವನ್ನು ಮತ್ತೆ ಚಾಲೂ ಮಾಡಿ, ಫಲಿತಾಂಶ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ನಾವು ಕಲಿಸುವ ಪಾಠವೂ ಇದೇ ತಾನೆ?

ಹಳೆಯ ಯಂತ್ರವಿಲ್ಲದವರು ಡಾಸ್‌ಬಾಕ್ಸ್‌ನಲ್ಲಿ ಡಾಸ್ ತಂತ್ರಾಂಶಗಳನ್ನು ನಡೆಸಬಹುದು. ಅದರಲ್ಲಿ ಮೌಸ್ ಡ್ರೈವರ್ ಅಡಕವಾಗಿಯೇ ಇದೆ. ಮತ್ತೊಂದನ್ನು ಸೇರಿಸುವ ಅಗತ್ಯವಿಲ್ಲ.