ಯಂತ್ರ ಕುಗ್ಗುತ್ತದೆ, ಉಗಿ ಕುಗ್ಗುವುದಿಲ್ಲ

ರಾಯಚೂರು ಜಿಲ್ಲೆಯ ಹೈಸ್ಕೂಲುಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಥರ್ಮೊಕೋಲಿನ ಒಂದು ಆರ್‌ಟಿಪಿಎಸ್ (ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ) ಎದುರಾಗದೆ ಇರುವುದಿಲ್ಲ. ಚಿಮಣಿಗೆ ಪಿವಿಸಿ ಪೈಪು, ಹೊಗೆಗೆ ಊದುಬತ್ತಿ, ಕರೆಂಟು ಬಂತು ಎನ್ನುವುದಕ್ಕೆ ಸೀರಿಯಲ್ ಸೆಟ್ಟಿನ ಬಲ್ಬು. ಪಕ್ಕದಲ್ಲಿ ನಿಂತ ಹುಡುಗಿ ಕಲ್ಲಿದ್ದಲು ಉರಿದದ್ದು, ನೀರು ಉಗಿಯಾದದ್ದು, ಉಗಿ ಟರ್ಬೈನ್ ತಿರುಗಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಮಾದರಿಯಲ್ಲಿ ಎಲ್ಲವೂ ಇದೆ, ಉಗಿಯೊಂದು ಬಿಟ್ಟು.

ಆ ಉಗಿಯನ್ನೂ ಒಳಗೆ ತಂದು, ನಿಜವಾದ ಎಂಜಿನ್ನಿನಂತೆಯೇ ಬೆಂಕಿ ಹಾಕಿ, ನೀರು ಕಾಯಿಸಿ, ಪಿಸ್ಟನ್ ಓಡಿಸುವ ಕಸುಬೊಂದಿದೆ. ಮಾಡೆಲ್ ಎಂಜಿನಿಯರಿಂಗ್ ಎಂದು ಅದರ ಹೆಸರು. ಅದಕ್ಕೆಂದೇ ಇಂಗ್ಲೆಂಡಿನಲ್ಲಿ ಪರ್ಸಿವಲ್ ಮಾರ್ಷಲ್ 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ ಶುರುಮಾಡಿದ. ಸ್ಟುವರ್ಟ್ ಟರ್ನರ್ ಎಂಬ ಕಂಪನಿ 1906ರಲ್ಲಿ ಹುಟ್ಟಿ, ಚಿಕ್ಕ ಎಂಜಿನ್ನುಗಳ ಎರಕದ ಬಿಡಿಭಾಗಗಳನ್ನು ಮಾರತೊಡಗಿತು. ಕೊಂಡವರು ಮನೆಯ ಲೇತಿನಲ್ಲಿ ಕಡೆದು, ಕೊರೆದು, ಜೋಡಿಸಿಕೊಳ್ಳಬೇಕು. ಆ ಕಂಪನಿಯ ಹೆಸರಾಂತ ‘10ವಿ’ ಎಂಜಿನ್ನಿನ ಸಿಲಿಂಡರು ಮುಕ್ಕಾಲು ಇಂಚು, ಪಿಸ್ಟನ್ ಓಡುವುದೂ ಮುಕ್ಕಾಲು ಇಂಚು, ಫ್ಲೈವೀಲು ಮೂರು ಇಂಚು. ಟೀ ಸಾಸರಿನ ಮೇಲೆ ಕೂರುವ ಈ ಯಂತ್ರ ಉಗಿ ಕೊಟ್ಟರೆ ಇವತ್ತಿಗೂ ಓಡುತ್ತದೆ.

ಇಂಗ್ಲೆಂಡಿನ ಹವ್ಯಾಸ ರಾಯಚೂರಿಗೇಕೆ ಎಂದು ಕೇಳಬಹುದು. ಆದರೆ ಉಗಿಯ ಹಂಗಿನಲ್ಲಿ ಇಷ್ಟು ಬದುಕಿದ ಜಿಲ್ಲೆ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಮುಂಬೈಯಿಂದ ಬಂದ ಜಿಐಪಿ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಒಂದು ಕೃಷ್ಣೆಯನ್ನು ದಾಟಿ ಬಂತು, ಇನ್ನೊಂದು ತುಂಗಭದ್ರೆಯನ್ನು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರು ಎಂಜಿನ್ನುಗಳ ಶಿಳ್ಳೆ ಕೇಳಿಕೊಂಡೇ ಮಲಗಿತು, ಎದ್ದಿತು. ಉಗಿಬಂಡಿ ಹೋಯಿತು ಎನ್ನುವ ಹೊತ್ತಿಗೆ ಶಕ್ತಿನಗರದಲ್ಲಿ ಉಗಿ ಇನ್ನೊಂದು ವೇಷದಲ್ಲಿ ಬಂತು. 1985ರಲ್ಲಿ 210 ಮೆಗಾವಾಟಿನ ಮೊದಲ ಘಟಕ, ಈಗ ಎಂಟು ಘಟಕ ಸೇರಿ 1720 ಮೆಗಾವಾಟು. ಯರಮರಸಿನಲ್ಲಿ 800 ಮೆಗಾವಾಟಿನ ಇನ್ನೆರಡು. ಮಾನ್ವಿ ಕಡೆ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಆ ಭತ್ತಕ್ಕೆ ರೈಸ್ ಮಿಲ್ಲುಗಳು, ಮಿಲ್ಲಿನ ಹಿಂದೆ ಭತ್ತದ ಹೊಟ್ಟನ್ನೇ ಉರಿಸಿ ಉಗಿ ಮಾಡುವ ಬಾಯ್ಲರು. ಅಂಗಡಿಯಲ್ಲಿ ನಾವು ‘ಸ್ಟೀಮ್ ರೈಸ್’ ಎಂದು ಕೇಳಿ ತರುವ ಅಕ್ಕಿ ಆ ಉಗಿಯಲ್ಲೇ ಬೆಂದದ್ದು. ದೇವದುರ್ಗ ಪಟ್ಟಣಕ್ಕೆ ಇನ್ನೂ ರೈಲು ಬಂದಿಲ್ಲ. ಆದರೂ ಈ ಕಸುಬಿಗೆ ದೇವದುರ್ಗದಲ್ಲೂ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ.

ಮೊದಲು ಅಳತೆಯ ಲೆಕ್ಕ ನೋಡೋಣ. ಬ್ರಾಡ್‌ಗೇಜಿನ ಮೇಲ್ ಗಾಡಿಗಳನ್ನು ಎಳೆದ ಡಬ್ಲ್ಯೂಪಿ ಎಂಜಿನ್ನನ್ನು ತೆಗೆದುಕೊಳ್ಳಿ. ಮೂತಿಯ ಮೇಲೆ ನಕ್ಷತ್ರ ಹೊತ್ತ ಇದರ ಮೊದಲ ತಂಡ 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂತು, ಮುಂದೆ ಒಟ್ಟು 755 ತಯಾರಾದವು. ಅದನ್ನು ಹದಿನಾರನೇ ಒಂದು ಅಳತೆಗೆ ಇಳಿಸಿದರೆ 1705 ಮಿಲಿಮೀಟರಿನ ದೊಡ್ಡ ಗಾಲಿ 107 ಮಿಲಿಮೀಟರಿಗೆ ಬರುತ್ತದೆ. 514 ಮಿಲಿಮೀಟರಿನ ಸಿಲಿಂಡರು 32 ಆಗುತ್ತದೆ. 1676 ಮಿಲಿಮೀಟರಿನ ಹಳಿಯ ಅಂತರ 105ರ ಹತ್ತಿರ ನಿಲ್ಲುತ್ತದೆ. ಇಲ್ಲೇ ಮೊದಲ ತಕರಾರು. ಇಂಗ್ಲೆಂಡಿನ ಗಾಲಿ, ಹಳಿ, ನಕ್ಷೆಗಳೆಲ್ಲ ಅವರ ಕಿರಿದಾದ ಹಳಿಗೆ ಲೆಕ್ಕಹಾಕಿದವು. ಅವರ ಐದು ಇಂಚಿನ ಹಳಿಯ ಮೇಲೆ ನಮ್ಮ ಬ್ರಾಡ್‌ಗೇಜ್ ಎಂಜಿನ್ ಕೂರಬೇಕಾದರೆ ಅಳತೆ ಹದಿಮೂರನೇ ಒಂದಕ್ಕೆ ಬರುತ್ತದೆ. ಅಂದರೆ ರಾಯಚೂರಿನ ಎಂಜಿನ್ ಮಾಡಹೊರಟವರು ನಕ್ಷೆಯ ಪ್ರತಿ ಅಂಕಿಯನ್ನೂ ತಾವೇ ಹೊಸದಾಗಿ ಗುಣಿಸಿ ಬರೆದುಕೊಳ್ಳಬೇಕು.

ಇದು ಬೇಸರದ ಕೆಲಸ, ಕಷ್ಟದ್ದಲ್ಲ. ನಿಜವಾದ ಕಷ್ಟ ಬೇರೆ ಇದೆ. ಉದ್ದ ಹದಿನಾರು ಪಟ್ಟು ಇಳಿದಾಗ ಮೈಯ ವಿಸ್ತೀರ್ಣ 256 ಪಟ್ಟು ಇಳಿಯುತ್ತದೆ, ಗಾತ್ರ 4096 ಪಟ್ಟು. ನೂರು ಟನ್ನಿನ ಎಂಜಿನ್ 25 ಕಿಲೋಗೆ ಬಂದು ನಿಲ್ಲುವುದು ಇದರಿಂದಲೇ. ಆದರೆ ಸಿಲಿಂಡರಿನ ಒಳಗೆ ಹಿಡಿಸುವ ಒಂದಿಷ್ಟೇ ಉಗಿಯ ಪಾಲಿಗೆ ಸುತ್ತಲಿನ ತಣ್ಣನೆಯ ಗೋಡೆ ಈಗ ಹದಿನಾರು ಪಟ್ಟು ಹೆಚ್ಚು. ಪಿಸ್ಟನ್ನನ್ನು ತಳ್ಳುವ ಮೊದಲೇ ಆ ಉಗಿಯಲ್ಲಿ ಎಷ್ಟೋ ಪಾಲು ಗೋಡೆಗೆ ತಾಗಿ ನೀರಾಗಿಬಿಡುತ್ತದೆ.

ಜಗತ್ತನ್ನು ಬದಲಿಸಿದ್ದು ಇದೇ ತೊಂದರೆ ಎಂದರೆ ಅತಿಶಯೋಕ್ತಿಯಲ್ಲ. ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಇಟ್ಟಿದ್ದ ನ್ಯೂಕೊಮೆನ್ ಎಂಜಿನ್ನಿನ ಒಂದು ಪುಟ್ಟ ಮಾದರಿ ನೆಟ್ಟಗೆ ಓಡುತ್ತಿರಲಿಲ್ಲ. 1763–64ರ ಚಳಿಗಾಲದಲ್ಲಿ ಅದು ರಿಪೇರಿಗೆ ಬಂದದ್ದು ಅಲ್ಲಿಯ ಉಪಕರಣ ತಯಾರಕ ಜೇಮ್ಸ್ ವ್ಯಾಟ್‌ನ ಕೈಗೆ. ರಿಪೇರಿ ಮುಗಿದರೂ ನಾಲ್ಕಾರು ಹೊಡೆತ ಹೊಡೆದು ನಿಂತುಬಿಡುತ್ತಿತ್ತು, ಬಾಯ್ಲರಿನ ಉಗಿಯೆಲ್ಲ ಖಾಲಿ. ಗಣಿಗಳಲ್ಲಿ ಓಡುತ್ತಿದ್ದ ದೊಡ್ಡ ಎಂಜಿನ್ನುಗಳಲ್ಲೂ ಇದೇ ನಷ್ಟ ಇತ್ತು, ಆದರೆ ಗಾತ್ರದ ದೆಸೆಯಿಂದ ಯಾರಿಗೂ ಅಷ್ಟಾಗಿ ಚುಚ್ಚಿರಲಿಲ್ಲ. ಮಾದರಿಯಲ್ಲಿ ಅದು ಬಯಲಾಯಿತು. ಸಿಲಿಂಡರನ್ನು ಪ್ರತಿಸಲ ತಣಿಸುವ ಬದಲು ಉಗಿಯನ್ನು ಬೇರೆ ಪಾತ್ರೆಗೆ ಎಳೆದು ಅಲ್ಲಿ ತಣಿಸಿದರಾಯಿತು ಎಂದು ವ್ಯಾಟ್‌ಗೆ 1765ರಲ್ಲಿ ಹೊಳೆಯಿತು, 1769ರಲ್ಲಿ ಪೇಟೆಂಟು ಸಿಕ್ಕಿತು. ಶಕ್ತಿನಗರದ ಪ್ರತಿ ಟರ್ಬೈನಿನ ಕೆಳಗೂ ಇರುವ ಕಂಡೆನ್ಸರ್, ಅಂದರೆ ಕೃಷ್ಣೆಯ ನೀರು ಬೇಕಾಗುವ ಒಂದು ಮುಖ್ಯ ಜಾಗ, ಆ ಕೆಟ್ಟ ಮಾದರಿಯ ಮೊಮ್ಮಗುವೇ. ಮಾದರಿ ಮಾಡುವುದು ಮಕ್ಕಳಾಟ ಎನ್ನುವವರಿಗೆ ನಾನು ಹೇಳುವುದು ಇದೊಂದೇ ಕತೆ.

ಹಾಗಾಗಿ ಈ ಕಸುಬಿನವರು ಎಲ್ಲಿ ನಿಜ ಹೇಳಬೇಕು, ಎಲ್ಲಿ ಸುಳ್ಳು ಹೇಳಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಹೊರಗೆ ಕಾಣುವ ರಿವೆಟ್ಟು, ಹಿಡಿಕೆ, ಚಿಮಣಿಯ ತುಟಿ ಅಳತೆಗೆ ಕೂದಲೆಳೆ ತಪ್ಪಬಾರದು. ಒಳಗಿನದ್ದರಲ್ಲಿ ರಿಯಾಯಿತಿ. ಬಾಯ್ಲರಿನ ಕೊಳವೆಗಳನ್ನು ಅಳತೆಗೆ ಸರಿಯಾಗಿ ಇಳಿಸಿದರೆ ಪೆನ್ನಿನ ರಿಫಿಲ್ಲಿನಷ್ಟಾಗಿ ಮಸಿ ಕಟ್ಟಿಕೊಳ್ಳುತ್ತವೆ. ಅದಕ್ಕೇ ಸಂಖ್ಯೆ ಕಡಿಮೆ ಮಾಡಿ, ದಪ್ಪ ಕೊಳವೆ ಹಾಕುತ್ತಾರೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ತೀರಾ ಸಣ್ಣದಾದರೆ ನೀರು ಗಾಜಿಗೆ ಅಂಟಿಕೊಂಡು ಮೇಲೆಯೇ ನಿಂತು ಸುಳ್ಳು ಮಟ್ಟ ತೋರಿಸುತ್ತದೆ. ಅದನ್ನು ನಂಬಿದರೆ ಬಾಯ್ಲರು ಒಣಗಿ ಸುಟ್ಟಿತೆಂದೇ ಲೆಕ್ಕ. ಟರ್ಬೈನಿನ ಕತೆ ಇನ್ನೂ ಮಜವಾಗಿದೆ. ಶಕ್ತಿನಗರದ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದರ ಇಪ್ಪತ್ತನೇ ಒಂದು ಅಳತೆಯ ಮಾದರಿಯಲ್ಲಿ ರೆಕ್ಕೆಯ ತುದಿಗೆ ಅದೇ ವೇಗ ಬರಬೇಕೆಂದರೆ ನಿಮಿಷಕ್ಕೆ 60,000 ಸುತ್ತು ಬೇಕು. ಆ ವೇಗಕ್ಕೆ ಬೇರಿಂಗ್ ಹುಡುಕುವುದಕ್ಕಿಂತ ಊದುಬತ್ತಿಯೇ ವಾಸಿ. ಅನುಭವಸ್ಥರು ಹೊಸಬರಿಗೆ ಪಿಸ್ಟನ್ ಎಂಜಿನ್ನಿನಿಂದ ಶುರುಮಾಡಿ ಎನ್ನುವುದು ಸುಮ್ಮನಲ್ಲ.

ಈಗ ದೇವದುರ್ಗದ ಮಾತು. ಟ್ರ್ಯಾಕ್ಟರು, ಬೋರ್‌ವೆಲ್ ಪಂಪು ಇರುವ ಕಡೆಯಲ್ಲೆಲ್ಲ ಲೇತ್ ಅಂಗಡಿ ಇರುತ್ತದೆ. ಸವೆದ ಶಾಫ್ಟು ತುಂಬಿಸಿ ಕಡೆಯುವ, ಗನ್‌ಮೆಟಲ್ ಬುಷ್ ಮಾಡಿಕೊಡುವ ಟರ್ನರನಿಗೆ ಮೂವತ್ತು ಮಿಲಿಮೀಟರಿನ ಸಿಲಿಂಡರು ಕೊರೆಯುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ನಕ್ಷೆ ಹಿಡಿದು ಹೋದಾಗ ಬರುವ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ: “ಇದು ಯಾ ಗಾಡೀದ್ರೀ?” ಯಾವ ಗಾಡಿಯದ್ದೂ ಅಲ್ಲ, ಸುಮ್ಮನೆ ಓಡಿಸಿ ನೋಡಲಿಕ್ಕೆ ಎಂದರೆ ಮುಖ ನೋಡುತ್ತಾರೆ, ಆಮೇಲೆ ಕೆಲಸ ಹಿಡಿದರೆ ನಿಮಗಿಂತ ಹೆಚ್ಚು ಹಚ್ಚಿಕೊಳ್ಳುತ್ತಾರೆ. ಸಿಲಿಂಡರಿಗೆ ಬೀಡು ಅಥವಾ ಗನ್‌ಮೆಟಲ್, ಪಿಸ್ಟನ್ ರಾಡಿಗೆ ಸ್ಟೇನ್‌ಲೆಸ್, ಉಗಿ ಸೋರದಂತೆ ಸುತ್ತುವುದಕ್ಕೆ ಪಂಪಿಗೆ ಹಾಕುವ ಗ್ಲ್ಯಾಂಡ್ ಡೋರಿಯ ಒಂದು ಎಳೆ ಸಾಕು.

ಬಾಯ್ಲರು ಮಾತ್ರ ಲೇತಿನ ಕೆಲಸವಲ್ಲ, ಪತ್ತಾರರ ಕೆಲಸಕ್ಕೆ ಹತ್ತಿರದ್ದು. ಚಿಕ್ಕ ಬಾಯ್ಲರನ್ನು ತಾಮ್ರದಲ್ಲಿ ಮಾಡುತ್ತಾರೆ. ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಮೆತ್ತಗಾಗುತ್ತದೆ. ಮರದ ಅಚ್ಚಿನ ಮೇಲೆ ಬಡಿದು ಅಂಚು ಮಡಚುವಾಗ ಮತ್ತೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಬೇಕು. ಜೋಡಣೆಗೆ ಬೆಳ್ಳಿ ಬೆಸುಗೆ. ಕೂಡುವ ಜಾಗಕ್ಕೆ ಬಿಳಿಗಾರವನ್ನು ನೀರಲ್ಲಿ ಕಲಸಿ ಹಚ್ಚುತ್ತಾರೆ. ಬೆಂಕಿ ತಾಗಿದೊಡನೆ ಅದು ಹಪ್ಪಳದ ಹಾಗೆ ಉಬ್ಬಿ, ಆಮೇಲೆ ಕುಸಿದು, ಗಾಜಿನಂತೆ ತಿಳಿಯಾಗಿ ಹರಿಯುತ್ತದೆ. ಬೆಸುಗೆಯ ತಂತಿ ಮುಟ್ಟಿಸುವ ಹದ ಅದೇ. ಬೆಂಕಿಯನ್ನು ತಂತಿಗೆ ತೋರಿಸಬಾರದು, ತಾಮ್ರಕ್ಕೆ ತೋರಿಸಬೇಕು. ತಾಮ್ರಕ್ಕೆ ಸಾಕಷ್ಟು ಕಾವು ಬಂದಿದ್ದರೆ ಬೆಳ್ಳಿ ತಾನಾಗಿಯೇ ಸಂದಿಯ ಒಳಕ್ಕೆ ಓಡಿ ಆಚೆ ಬದಿಯಲ್ಲಿ ತೆಳ್ಳನೆಯ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಗೆರೆ ಒಂದು ಸುತ್ತು ಪೂರ್ತಿ ಇದ್ದರೆ ಜೋಡಣೆ ಗಟ್ಟಿ. ಉಂಗುರಕ್ಕೆ ಸಾಲುವ ಊದುಗೊಳವೆ ಇಲ್ಲಿ ಸಾಲದು. ತಾಮ್ರ ಶಾಖವನ್ನು ಎಳೆದೆಳೆದು ದೂರ ಸಾಗಿಸುತ್ತಲೇ ಇರುವುದರಿಂದ ದೊಡ್ಡ ಗ್ಯಾಸ್ ಬರ್ನರೇ ಬೇಕು. ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದ್ದರೆ ಅದರ ಹೊಗೆ ವಿಷ, ಇಲ್ಲದ್ದನ್ನು ಕೇಳಿ ತರಬೇಕು. ರೇಡಿಯೊ ರಿಪೇರಿಯ ಸೀಸದ ಬೆಸುಗೆಯಂತೂ ಬಾಯ್ಲರಿನ ಹತ್ತಿರ ಸುಳಿಯಬಾರದು. ಅದು ಕರಗುವುದು 183 ಡಿಗ್ರಿಗೆ, ನಾಲ್ಕು ಕಿಲೋ ಒತ್ತಡದ ಉಗಿಯೇ 150 ಡಿಗ್ರಿ ದಾಟಿರುತ್ತದೆ.

ಮಾನ್ವಿಯ ಮಿಲ್ಲುಗಳಿಂದ ಕಲಿಯಬೇಕಾದ್ದು ಭಯ. ಅಲ್ಲಿಯ ಬಾಯ್ಲರಿಗೆ ಸರ್ಕಾರದ ತಪಾಸಣೆ ಇದೆ, ನೋಡಿಕೊಳ್ಳುವವರಿಗೆ ಸರ್ಟಿಫಿಕೇಟು ಬೇಕು. 1923ರಿಂದ ಇದ್ದ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಒಂದೆರಡು ಲೀಟರಿನ ಮಾದರಿಯನ್ನು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ ಎಂದಾಯಿತು. ಹಾಗಾಗಿ ಕಟ್ಟಿದವರೇ ಇನ್‌ಸ್ಪೆಕ್ಟರ್ ಆಗಬೇಕು. ಬಾಯ್ಲರಿನ ತುಂಬ ತಣ್ಣೀರು ತುಂಬಿ, ಗಾಳಿ ಒಂದು ಗುಳ್ಳೆಯೂ ಉಳಿಯದಂತೆ ಮಾಡಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಏರಿಸಿ ನಿಲ್ಲಿಸುತ್ತಾರೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲವಾದ್ದರಿಂದ ಜೋಡಣೆ ಬಿಟ್ಟರೂ ಸಣ್ಣಗೆ ಜಿನುಗಿ ಒತ್ತಡ ಇಳಿಯುತ್ತದೆ, ಅಷ್ಟೇ. ಇದೇ ಪರೀಕ್ಷೆಯನ್ನು ಗಾಳಿಯಲ್ಲಿ ಮಾಡಿದರೆ ಬಾಂಬು.

ಇದೆಲ್ಲ ದೂರದ ಮಾತು ಅನ್ನಿಸಿದರೆ ಜಾತ್ರೆಯಲ್ಲಿ ಮಾರುವ ತಗಡಿನ ಪುಟ್‌ಪುಟ್ ದೋಣಿಯಿಂದಲೇ ಶುರುಮಾಡಬಹುದು. ಎಣ್ಣೆಯ ಬತ್ತಿ ಹಚ್ಚಿ ನೀರಿನ ತಟ್ಟೆಯಲ್ಲಿ ಬಿಟ್ಟರೆ ಸದ್ದು ಮಾಡುತ್ತ ಸುತ್ತುವ ಅದರೊಳಗೆ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಉಗಿ ನೀರನ್ನು ಹೊರದಬ್ಬುತ್ತದೆ, ತಣಿದು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. 1891ರಲ್ಲೇ ಥಾಮಸ್ ಪಿಯೊ ಎಂಬಾತ ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟು ಪಡೆದಿದ್ದ. ಅದರ ಮುಂದಿನ ಮೆಟ್ಟಿಲು ತೂಗುವ ಸಿಲಿಂಡರಿನ ಎಂಜಿನ್. ಅದರಲ್ಲಿ ಸಿಲಿಂಡರೇ ಅತ್ತಿತ್ತ ವಾಲಿ ಉಗಿಯ ದಾರಿ ತೆರೆದು ಮುಚ್ಚುತ್ತದೆ. ಸ್ಲೈಡ್ ವಾಲ್ವಿನದ್ದು ಮೂರನೇ ಮೆಟ್ಟಿಲು. ನಿಜವಾದ ಎಂಜಿನ್ನಿನ ರೂಪ ಬರುವುದು ಅಲ್ಲಿಂದ. ನೋಡಿ ಅಳೆಯಲು ಹಳೆಯ ಎಂಜಿನ್ ಬೇಕಿದ್ದರೆ 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ನಮಗೆ ಹತ್ತಿರ ಹುಬ್ಬಳ್ಳಿಯದ್ದು, ಅದು ತೆರೆದದ್ದು 2020ರಲ್ಲಿ. ಫೋಟೊ ತೆಗೆಯುವಾಗ ಪ್ರತಿ ಭಾಗದ ಪಕ್ಕ ಒಂದು ಅಡಿಪಟ್ಟಿ ಹಿಡಿದರೆ ಮನೆಗೆ ಬಂದಮೇಲೆ ಲೆಕ್ಕ ಸಿಗುತ್ತದೆ.

ಎಂಜಿನ್ ಜೋಡಿಸಿದ ದಿನವೇ ಉಗಿ ಬಿಡಬಾರದು. ಮೊದಲು ಗಾಳಿಯಲ್ಲಿ ಓಡಿಸಬೇಕು, ಅದಕ್ಕೆ ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯ ಕಂಪ್ರೆಸರು ಧಾರಾಳವಾಗಿ ಸಾಕು. ಸ್ಕೂಟರ್ ಟೈರಿಗೆ ಹಾಕುವಷ್ಟು ಗಾಳಿಯೂ ಬೇಡ. ಫ್ಲೈವೀಲನ್ನು ಬೆರಳಿಂದ ದೂಡಿ, ಒಂದು ಬದಿಯ ಹೊಡೆತ ಜೋರಾಗಿ ಇನ್ನೊಂದು ಮಂದವಾಗಿದ್ದರೆ ವಾಲ್ವಿನ ನಟ್ಟನ್ನು ಅರ್ಧ ಸುತ್ತು ಸರಿಸಿ, ಮತ್ತೆ ಕಿವಿಗೊಟ್ಟು ಕೇಳಿ. ಎರಡೂ ಬದಿಯ ‘ಚಫ್’ ಒಂದೇ ಸಮ ಆದಮೇಲೆ ಉಗಿಯ ಮಾತು. ತಣ್ಣಗಿರುವ ಸಿಲಿಂಡರು ಮೊದಲ ಉಗಿಯನ್ನೆಲ್ಲ ನೀರು ಮಾಡಿ ಕೂರುವುದರಿಂದ ಡ್ರೈನ್ ಕಾಕ್ ತೆರೆದಿಟ್ಟೇ ಶುರುಮಾಡಬೇಕು. ಎಂಜಿನ್ ಒಂದಷ್ಟು ಹೊತ್ತು ಬಿಸಿನೀರು ಉಗುಳುತ್ತದೆ. ಷರಟು ಹಳೆಯದಿರಲಿ.