ಫಲಾನುಭವಿಗಿಂತ ಮೊದಲು ಬಂದ ಪಾಲುದಾರ

ಸಮಾಜಸೇವೆ ಮತ್ತು ಸಮಾಜಕಾರ್ಯ ಎಂಬ ಎರಡು ಪದಗಳು ಕನ್ನಡದ ದಿನಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕುಳಿತುಬಿಡುತ್ತವೆಯಾದರೂ, ಅವುಗಳ ನಡುವಿನ ಅಂತರ ಸಣ್ಣದಲ್ಲ. ಸೇವೆಯಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಸಮಾಜಕಾರ್ಯವಾದರೋ ತರಬೇತಿ, ವಿಧಾನ, ನೀತಿಸಂಹಿತೆಗಳಿರುವ ವೃತ್ತಿಯಾಗಿದ್ದು, ಇಂದು ನೆರವು ಪಡೆದವರು ನಾಳೆ ತಮ್ಮ ಕಾಲ ಮೇಲೆ ನಿಲ್ಲುವಂತಾಗಬೇಕೆಂಬುದು ಅದರ ಗುರಿ. ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ಸಂಕಟವನ್ನು ಬಿಡಿಸಿ ನೋಡುವ ಕ್ರಮಕ್ಕೆ ವ್ಯಕ್ತಿಗತ ಸಮಾಜಕಾರ್ಯ, ಸಮಾನ ಕಷ್ಟವುಳ್ಳ ಕೆಲವರನ್ನು ಕೂಡಿಸಿ ನಡೆಸುವುದಕ್ಕೆ ವೃಂದಗತ ಸಮಾಜಕಾರ್ಯ, ಇಡೀ ಊರು ತನ್ನ ಕೊರತೆಯನ್ನು ತಾನೇ ಗುರುತಿಸಿ ಅದಕ್ಕೆ ಬೇಕಾದ ಬಲವನ್ನು ಒಳಗಿನಿಂದಲೇ ಕೂಡಿಸಿಕೊಳ್ಳುವುದಕ್ಕೆ ಸಮುದಾಯ ಸಂಘಟನೆ ಎಂದು ಪಠ್ಯಗಳು ಹೆಸರಿಡುತ್ತವೆ. ಈ ಮೂರನೆಯ ವಿಧಾನವನ್ನು ವಿವರಿಸುವಾಗ ಅಮೆರಿಕದ ನಗರಗಳ ಉದಾಹರಣೆಗಳನ್ನು ಹುಡುಕಿ ತರುವ ರೂಢಿ ನಮ್ಮಲ್ಲಿ ಬಲವಾಗಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಉದಾಹರಣೆಯ ಕಡೆಗೆ ಬೆರಳು ತೋರುವವರು ಕಡಿಮೆ.

ಈ ವೃತ್ತಿಯ ವಂಶಾವಳಿಯೇನೋ ದೂರದ್ದೇ. ಲಂಡನ್ನಿನಲ್ಲಿ 1869ರಲ್ಲಿ ದಾನಧರ್ಮಕ್ಕೊಂದು ಶಿಸ್ತು ತರಲು ಸಂಘವೊಂದು ಹುಟ್ಟಿತು. 1889ರಲ್ಲಿ ಜೇನ್ ಆಡಮ್ಸ್ ಷಿಕಾಗೋದ ಬಡವರ ಕೇರಿಯಲ್ಲಿ ತಾವೂ ವಾಸಿಸತೊಡಗಿ ಹಲ್ ಹೌಸ್ ಕಟ್ಟಿದರು. 1917ರಲ್ಲಿ ಮೇರಿ ರಿಚ್ಮಂಡ್ ವ್ಯಕ್ತಿಗತ ಸಮಾಜಕಾರ್ಯಕ್ಕೆ ಮೊದಲ ಶಾಸ್ತ್ರಗ್ರಂಥ ಬರೆದರು. ಭಾರತದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಆರಂಭವಾಯಿತು. ಆಗ ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು. 1948ರಲ್ಲಿ ಇವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರವರೆಗೆ ಈ ಸೀಮೆಯ ಜನಕ್ಕೆ ರಾಜಧಾನಿಯಾಗಿದ್ದುದು ಆ ಶಾಲೆಯಿದ್ದ ನಗರವೇ. ಆದರೂ ಹಳ್ಳಿಯವರೆಗೆ ಬಂದದ್ದು ಶಾಲೆಯ ವಿದ್ಯೆಯಲ್ಲ, 1952ರ ಅಕ್ಟೋಬರ್ 2ರಂದು ದೇಶದಾದ್ಯಂತ ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ. ಸಮುದಾಯ ಎಂಬ ಪದ ಹೀಗೆ ಬ್ಲಾಕ್ ಕಚೇರಿಯ ಫಲಕದ ಮೇಲೆ ಕುಳಿತು ಊರಿಗೆ ಬಂದಿತು.

ಪದ ಹೊಸದಾದರೂ ನಡೆ ಹೊಸದಾಗಿರಲಿಲ್ಲ. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಹೋಗಿ, ಕೂಲಿಯ ಬದಲು ದುಡಿಮೆಯನ್ನೇ ಮರಳಿ ಪಡೆಯುವ ಮುಯ್ಯಾಳಿನ ಪದ್ಧತಿಯಲ್ಲಿ ಪಠ್ಯಗಳು ಪರಸ್ಪರ ಸಹಾಯ ಎನ್ನುವ ತತ್ತ್ವ ಇತ್ತು. ಗುಡಿ, ಜಾತ್ರೆ, ಬಾವಿಗಳಿಗಾಗಿ ಮನೆಮನೆಗೆ ಹೋಗಿ ಪಟ್ಟಿ ಎತ್ತುವ ರೂಢಿಯಲ್ಲಿ ಸಂಪನ್ಮೂಲ ಕ್ರೋಡೀಕರಣವಿತ್ತು. ಪಟ್ಟಿಯ ವಿಶೇಷವೆಂದರೆ, ಅದರಲ್ಲಿ ಹೆಸರು ಬರೆಸಿದವನಿಗೆ ಲೆಕ್ಕ ಕೇಳುವ ಅಧಿಕಾರವೂ ಬರುತ್ತದೆ. ಪಾಲ್ಗೊಳ್ಳುವಿಕೆ ಎಂಬ ದೊಡ್ಡ ಪದದ ತಿರುಳು ಇಷ್ಟೇ.

ಈ ರೂಢಿ ನದಿಯಷ್ಟು ಅಗಲವಾದದ್ದು 1980ರ ದಶಕದ ಕೊನೆಯಲ್ಲಿ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಕೃಷ್ಣೆ ಬೇಸಗೆಯಲ್ಲಿ ಬತ್ತಿ, ದಂಡೆಯ ಪಂಪ್‌ಸೆಟ್‌ಗಳು ಮರಳಿನ ಮೇಲೆ ಬಾಯಿ ತೆರೆದು ನಿಲ್ಲುತ್ತಿದ್ದವು. ಮೇಲಿನ ಹಿಪ್ಪರಗಿಯ ಸರ್ಕಾರಿ ಯೋಜನೆ ವರ್ಷದಿಂದ ವರ್ಷಕ್ಕೆ ಕುಂಟುತ್ತಿತ್ತು. ಆಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡು, ತಮ್ಮಲ್ಲೇ ಹಣ ಕೂಡಿಸಿ, ಮೈ ಬಗ್ಗಿಸಿ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ಎಬ್ಬಿಸಿ ನಿಲ್ಲಿಸಿದರು. ಷಿಕಾಗೋದ ಹಲ್ ಹೌಸ್‌ಗೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷವದು. ಬ್ಯಾರೇಜ್ ಎಂದರೆ ಅಣೆಕಟ್ಟಿನಂತೆ ಪ್ರವಾಹವನ್ನೇ ಹಿಡಿದಿಡುವ ಗೋಡೆಯಲ್ಲ. ಸಾಲು ಕಂಬಗಳ ನಡುವಿನ ಕಿಂಡಿಗಳನ್ನು ಮಳೆಗಾಲದಲ್ಲಿ ತೆರೆದಿಟ್ಟು, ನದಿಯ ಸೆಳೆತ ಇಳಿದ ಮೇಲೆ ಗೇಟು ಹಾಕಿ, ಉಳಿದ ಹರಿವನ್ನು ಬೇಸಗೆಗಾಗಿ ನಿಲ್ಲಿಸಿಕೊಳ್ಳುವ ಏರ್ಪಾಡು. ಆದ್ದರಿಂದ ಅದನ್ನು ಕಟ್ಟಿ ಮುಗಿಸಿದರೆ ಕೆಲಸ ಮುಗಿಯುವುದಿಲ್ಲ, ಪ್ರತಿ ವರ್ಷವೂ ಗೇಟು ಹಾಕುವವರು, ತೆಗೆಯುವವರು, ಸೋರಿಕೆ ನೋಡುವವರು ಇರಲೇಬೇಕು. ಎಂದರೆ ಸಂಘ ಬದುಕಿದ್ದರೆ ಮಾತ್ರ ನೀರು. ತಜ್ಞರು ಸುಸ್ಥಿರತೆ ಎನ್ನುವ ಗುಣ ಇಲ್ಲಿ ಗೇಟಿನ ಸಂದಿನಲ್ಲಿಯೇ ಅಡಗಿದೆ. ಆ ಜಲರಾಶಿಗೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಬಿಂದು ಎನ್ನುವಲ್ಲಿ ಬೆವರೂ ಇದೆ, ಹನಿಗೂಡಿ ಹಳ್ಳವಾದ ಲೆಕ್ಕವೂ ಇದೆ.

ಸಮುದಾಯ ಸಂಘಟನೆಯನ್ನು ಅಮೆರಿಕದ ಜ್ಯಾಕ್ ರಾಥ್ಮನ್ 1960ರ ದಶಕದ ಕೊನೆಯಲ್ಲಿ ಮೂರು ಮಾದರಿಗಳಾಗಿ ವಿಂಗಡಿಸಿದ್ದರು: ಊರವರೇ ಕೂಡಿ ಮಾಡಿಕೊಳ್ಳುವ ಸ್ಥಳೀಯ ಅಭಿವೃದ್ಧಿ, ತಜ್ಞರು ಮೇಲಿನಿಂದ ರೂಪಿಸುವ ಸಾಮಾಜಿಕ ಯೋಜನೆ, ಅಧಿಕಾರವನ್ನು ಎದುರಿಸಿ ಹಕ್ಕು ಪಡೆಯುವ ಸಾಮಾಜಿಕ ಕ್ರಿಯೆ. ಚಿಕ್ಕಪಡಸಲಗಿ ಮೊದಲನೆಯದರಲ್ಲಿ ಹುಟ್ಟಿ, ಎರಡೇ ವರ್ಷದಲ್ಲಿ ಮತಪೆಟ್ಟಿಗೆಯ ಮೂಲಕ ಅಧಿಕಾರದ ಎದುರಿಗೇ ನಿಂತಿತು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಗಿದ್ದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ಸೋಲಿಸಿದ್ದು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದು, ಅಬ್ದುಲ್ ನಜೀರ್ ಸಾಬರ ಜೊತೆ ಅಧಿಕಾರವನ್ನು ಹಳ್ಳಿಗೆ ಇಳಿಸಿದವರೆಂದು ಹೆಗಡೆಯವರಿಗೆ ದೇಶದಲ್ಲೇ ಕೀರ್ತಿಯಿತ್ತು. ವಿಕೇಂದ್ರೀಕರಣವನ್ನು ವಿಧಾನಸೌಧದಿಂದ ಕಳುಹಿಸಿದವರು, ಅದನ್ನು ನದಿಯ ಪಾತ್ರದಲ್ಲಿ ನಿಂತು ಮಾಡಿ ತೋರಿಸಿದವರ ಎದುರು ಸೋತ ಈ ಪ್ರಸಂಗವನ್ನು ಚುನಾವಣೆಯ ಅಚ್ಚರಿಯೆಂದಷ್ಟೇ ದಾಖಲಿಸಿ ಕೈತೊಳೆದುಕೊಂಡದ್ದು ನಮ್ಮ ಅಧ್ಯಯನದ ಬಡತನ. ನ್ಯಾಮಗೌಡರು ಕೇಂದ್ರದಲ್ಲಿ ಸಚಿವರಾದರು, ಮುಂದೆ ಜಮಖಂಡಿಯ ಶಾಸಕರಾದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅದೇ ನದಿ ಕೆಳಗೆ ಬೀಳಗಿ ಸೀಮೆಯಲ್ಲಿ ಬೇರೆ ಪದಗಳನ್ನು ಕಲಿಸಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರುಗಳನ್ನು ನುಂಗಿದಾಗ, ಮುಳುಗಡೆ, ಸಂತ್ರಸ್ತ, ಪರಿಹಾರ, ಪುನರ್ವಸತಿ ಎಂಬುವು ಮನೆಮಾತಾದವು. ಪರಿಹಾರವು ಕಳೆದುಕೊಂಡ ಹೊಲಮನೆಗೆ ಕಟ್ಟಿಕೊಡುವ ಬೆಲೆ. ಪುನರ್ವಸತಿಯು ನೆರೆಹೊರೆ, ಗುಡಿ, ಕಸುಬುಗಳ ಸಮೇತ ಬದುಕನ್ನು ಮತ್ತೆ ನೆಲೆಗೊಳಿಸುವುದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನೂ ಕೊಟ್ಟಂತೆ ಬರೆದುಕೊಳ್ಳುವುದು ಕಡತಗಳಿಗೆ ಸುಲಭ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟ ಮೇಲೆ, ಇನ್ನೂ ಮುಳುಗದ ಊರುಗಳೂ ಸಂತ್ರಸ್ತವಾದವು.

ವ್ಯಕ್ತಿಗತ ಸಮಾಜಕಾರ್ಯದ ತತ್ತ್ವಗಳಾದ ಸ್ವೀಕಾರ, ಗೋಪ್ಯತೆ, ಸ್ವನಿರ್ಧಾರಗಳು ಈ ತಾಲ್ಲೂಕುಗಳಲ್ಲಿ ಒರೆಗೆ ಬಂದದ್ದು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ವಿಷಯದಲ್ಲಿ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕಾಯ್ದೆಯ ನಂತರ, 1993-94 ಮತ್ತು 2007-08ರಲ್ಲಿ ರಾಜ್ಯ ಸರ್ಕಾರ ನಡೆಸಿದ ಸಮೀಕ್ಷೆಗಳು 46,000ಕ್ಕೂ ಹೆಚ್ಚು ಮಹಿಳೆಯರನ್ನು ಗುರುತಿಸಿದವು. ಪಿಂಚಣಿ ಬೇಕಾದರೆ ಹೆಸರು ಆ ಪಟ್ಟಿಯಲ್ಲಿರಬೇಕು, ಹೆಸರು ಪಟ್ಟಿಯಲ್ಲಿದ್ದರೆ ಗೋಪ್ಯತೆ ಎಲ್ಲಿಯದು? ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಅಂಕಣದ ಮೇಲೆ ತಾಯಿಯ ಪೆನ್ನು ನಿಂತಾಗ, ಎದುರಿಗೆ ಕುಳಿತ ಗುಮಾಸ್ತ ಏನನ್ನೂ ಕೇಳದೆ ಮುಂದಿನ ಸಾಲು ತೋರಿಸಿದರೆ ಅದೇ ಸ್ವೀಕಾರ. ಊರವರು ಎತ್ತುವ ಪಟ್ಟಿ ಹಕ್ಕು ಕೊಡುತ್ತದೆ, ಕಚೇರಿಯ ಪಟ್ಟಿ ಗುರುತು ಹಚ್ಚುತ್ತದೆ. ಒಂದೇ ಪದ, ಎರಡು ದಿಕ್ಕು.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿಯೂ ಇಂಥದೇ ಪಲ್ಲಟವಾಗಿದೆ. ನೂಲು ಕೊಟ್ಟು ಸೀರೆ ಪಡೆಯುವ ಮಾಲೀಕನ ಹಿಡಿತದಿಂದ ಬಿಡಿಸಿಕೊಳ್ಳಲೆಂದು ಹುಟ್ಟಿದ ಸಹಕಾರ ಸಂಘದಲ್ಲಿ ನೇಕಾರನಿಗೆ ಸದಸ್ಯ ಎಂಬ ಹೆಸರಿತ್ತು, ಷೇರಿತ್ತು, ಮತವಿತ್ತು. ಯೋಜನೆಗಳ ಕಾಗದದಲ್ಲಿ ಅವನಿಗಿರುವ ಹೆಸರು ಫಲಾನುಭವಿ, ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಡತಿಗೆ ಆ ಹೆಸರೂ ಸಿಗುವುದು ಅನುಮಾನ.

ಫಲಾನುಭವಿ ಎಂದರೆ ಬೇರೆಯವರು ನೆಟ್ಟ ಮರದ ಕೆಳಗೆ ಕೈಚಾಚಿ ನಿಂತವನು, ಪಾಲುದಾರನೆಂದರೆ ಅಗೆಯುವಾಗಲೇ ಗುದ್ದಲಿ ಹಿಡಿದವನು. ಸಬಲೀಕರಣ ಎಂಬ ಪದದ ಸುತ್ತ ನಡೆಯುವ ಎಲ್ಲ ಚರ್ಚೆಯೂ ಕೊನೆಗೆ ಈ ಎರಡರ ನಡುವಿನ ದೂರವನ್ನು ಅಳೆಯುವುದೇ ಆಗಿದೆ. ಬೀಳಗಿಯ ಊರುಗಳನ್ನು ಎಬ್ಬಿಸಿ ಕಳಿಸಿದ ಆಲಮಟ್ಟಿಯ ಹಿನ್ನೀರು ಈಗ ಚಿಕ್ಕಪಡಸಲಗಿಯ ಬುಡದವರೆಗೆ ಬಂದು ನಿಲ್ಲುತ್ತದೆ. ಹರಿವು ನಿಂತ ದಿನಗಳಲ್ಲಿ ರೈತರು ತಮ್ಮದೇ ಖರ್ಚಿನಲ್ಲಿ ಪಂಪ್‌ಸೆಟ್ ಹೂಡಿ, ಆ ನೀರನ್ನು ಮೇಲಕ್ಕೆತ್ತಿ ಶ್ರಮಬಿಂದು ಸಾಗರಕ್ಕೆ ತುಂಬಿಕೊಳ್ಳುತ್ತ ಬಂದಿದ್ದಾರೆ. ಅದಕ್ಕೂ ಒಂದು ಪಟ್ಟಿ ಎತ್ತಲೇಬೇಕಾಗುತ್ತದೆ.