ಮರದ ಜಲಕನ್ಯೆ, ಕುರ್ಚಿಯ ಮೇಲಿನ ಬಟ್ಟೆ

1878ರಲ್ಲಿ ನ್ಯೂಯಾರ್ಕಿನ ಪತ್ರಿಕಾ ವಿಮರ್ಶಕರೊಬ್ಬರು ಥಾಮಸ್ ಈಕಿನ್ಸ್‌ನ ಚಿತ್ರವೊಂದರ ಮೇಲೆ ಹರಿಹಾಯ್ದರು. ಚಿತ್ರದಲ್ಲಿ ಬೆತ್ತಲೆ ಹೆಣ್ಣೊಬ್ಬಳಿದ್ದಳು. ಅದನ್ನಾದರೂ ಸಹಿಸಬಹುದಿತ್ತಂತೆ, ಅವಳು ಕಳಚಿ ಕುರ್ಚಿಯ ಮೇಲೆ ಹಾಕಿದ್ದ ಬಟ್ಟೆಗಳೇ ಅವರಿಗೆ ಅಸಹ್ಯವಾಗಿ ಕಂಡದ್ದು. ಅಪ್ಸರೆಗೆ ಒಳಲಂಗ ಇರುವುದಿಲ್ಲವಲ್ಲ!

ಆ ಚಿತ್ರದ ಬೇರು ಫಿಲಡೆಲ್ಫಿಯಾದ ನೀರಿನಲ್ಲಿದೆ. 1793ರ ಹಳದಿ ಜ್ವರಕ್ಕೆ ತತ್ತರಿಸಿದ ಆ ಊರು ಸ್ಕೂಲ್‌ಕಿಲ್ ನದಿಯ ನೀರನ್ನು ಉಗಿಯಂತ್ರದಿಂದ ಎತ್ತಿ ತಂದಿತು. ಪಂಪ್‌ಮನೆಯ ಮುಂದಿನ ಕಾರಂಜಿಗೆಂದು ವಿಲಿಯಂ ರಷ್ 1809ರಲ್ಲಿ ಜಲಕನ್ಯೆಯನ್ನು ಕೆತ್ತಿದ. ಹಡಗಿನ ಮೂತಿಗೆ ಬೊಂಬೆ ಕೆತ್ತಿ ಪಳಗಿದ ಕೈ ಅದು. ಅವಳ ಭುಜದ ಮೇಲಿನ ಬಕಪಕ್ಷಿಯ ಕೊಕ್ಕಿನಿಂದ ನೀರು ಮೇಲಕ್ಕೆ ಚಿಮ್ಮುತ್ತಿತ್ತು. ಮೈಗಂಟಿದ ಉಡುಪಿನ ನಿರಿಗೆಗಳನ್ನು ಕಂಡು ಕೆಲವರು ಮುಖ ಸಿಂಡರಿಸಿದರು. ಜಾನ್ ಲೂಯಿಸ್ ಕ್ರಿಮ್ಮೆಲ್ ಮಾತ್ರ 1812ರಲ್ಲಿ ಅವಳನ್ನು ಹಬ್ಬದ ಜನಜಂಗುಳಿಯ ನಡುವೆ ನಿಲ್ಲಿಸಿ ಚಿತ್ರ ಬರೆದ.

ಮರಕ್ಕೂ ನೀರಿಗೂ ಎಷ್ಟು ದಿನ ಹೊಂದೀತು? 1872ರಲ್ಲಿ ಕಂಚಿನ ಎರಕ ಮಾಡಿಸಿದ್ದೇ ಪುಣ್ಯ. ಮೂಲ ಶಿಲ್ಪದಲ್ಲಿ ಈಗ ಉಳಿದಿರುವುದು ತಲೆಯೊಂದೇ. ಊರಿಗೆ ನೀರು ಬಂದ ಸಂಭ್ರಮಕ್ಕೆ ಮೈಯೊಡ್ಡಿ ನಿಂತವಳನ್ನು ಆ ಊರು ಹೀಗೆ ಕೊಳೆಯಲು ಬಿಡಬಾರದಿತ್ತು.

ಇಂಥ ಮರೆವಿನ ವಿರುದ್ಧವೇ ಈಕಿನ್ಸ್ ಕುಂಚ ಹಿಡಿದು, ರಷ್ ಆ ಜಲಕನ್ಯೆಯನ್ನು ಕೆತ್ತುವ ದೃಶ್ಯವನ್ನು ಬರೆದ. ಶಿಲ್ಪಕ್ಕೆ ರೂಪದರ್ಶಿಯಾದವಳು ಜಲಸಮಿತಿಯ ವರ್ತಕನ ಮಗಳು ಲೂಯಿಸಾ ವ್ಯಾನಕ್ಸೆಂ ಎಂದು ಊರಿನವರು ಹೇಳುತ್ತಿದ್ದರು. ಅವಳು ಬೆತ್ತಲೆಯಾಗಿ ನಿಂತಳೆಂಬುದಕ್ಕೆ ಪುರಾವೆಯಿಲ್ಲ; ಅದು ಈಕಿನ್ಸ್‌ನ ಕಲ್ಪನೆ. ಆದರೂ ನನಗೆ ಆ ಕಲ್ಪನೆಯೇ ದೊಡ್ಡದು. ಮಬ್ಬು ಕಾರ್ಯಾಗಾರದ ಮೂಲೆಯಲ್ಲಿ ರಷ್ ಉಳಿ ಹಿಡಿದಿದ್ದಾನೆ. ರೂಪದರ್ಶಿ ನಮಗೆ ಬೆನ್ನು ತೋರಿ, ಹೆಗಲ ಮೇಲೆ ಹಕ್ಕಿಯ ಬದಲು ದಪ್ಪ ಪುಸ್ತಕವೊಂದನ್ನು ಹೊತ್ತು ನಿಂತಿದ್ದಾಳೆ. ಕಾವಲಿಗೆ ಬಂದ ಹಿರಿಯಾಕೆ ತನ್ನ ಹೆಣಿಗೆಯಲ್ಲಿ ಮುಳುಗಿದ್ದಾಳೆ. ಪಕ್ಕದಲ್ಲೇ ಆ ಬಟ್ಟೆಗಳು, ಬೆಳಕು ಬಿದ್ದು ಹೊಳೆಯುತ್ತ. ಜಲಕನ್ಯೆ ನೀರಿನಿಂದೆದ್ದು ಬಂದವಳಲ್ಲ; ಕಾಲು ನೋಯುವಷ್ಟು ಹೊತ್ತು ನಿಂತು ದುಡಿದ ಒಬ್ಬ ಹೆಂಗಸು ಎಂದು ಅಮೆರಿಕದ ಚಿತ್ರಕಲೆಯಲ್ಲಿ ಇಷ್ಟು ನೇರವಾಗಿ ಹೇಳಿದವರು ವಿರಳ.

ಅದೇ ನೇರ ನಡೆ ಈಕಿನ್ಸ್‌ಗೆ ಮುಳುವಾಯಿತು. 1886ರಲ್ಲಿ, ಹೆಣ್ಣುಮಕ್ಕಳಿದ್ದ ತರಗತಿಯಲ್ಲಿ ಗಂಡು ಮಾಡೆಲ್‌ನ ಲಂಗೋಟಿ ತೆಗೆಸಿದನೆಂಬ ಕಾರಣಕ್ಕೆ ಅವನು ಕಲಿಸುತ್ತಿದ್ದ ಪೆನ್ಸಿಲ್ವೇನಿಯಾ ಕಲಾ ಅಕಾಡೆಮಿ ಅವನಿಂದ ರಾಜೀನಾಮೆ ಪಡೆಯಿತು.

ಅವನು ರಷ್‌ನನ್ನು ಬಿಡಲಿಲ್ಲ. 1908ರಲ್ಲಿ ಮತ್ತೆ ಬರೆದ ಒಂದು ಚಿತ್ರದಲ್ಲಿ ಶಿಲ್ಪಿಯ ಮೈಕಟ್ಟು ಮುದಿ ಈಕಿನ್ಸ್‌ನದೇ. ಕೆಲಸ ಮುಗಿಸಿ ಪೀಠದಿಂದ ಇಳಿಯುತ್ತಿರುವ ರೂಪದರ್ಶಿ ಈ ಬಾರಿ ನಮ್ಮ ಕಡೆಗೇ ತಿರುಗಿದ್ದಾಳೆ. ಸಾರೋಟಿನಿಂದ ಇಳಿಯುವ ಗೌರವಸ್ಥೆಗೆ ಕೊಡುವಂತೆ ಶಿಲ್ಪಿ ಅವಳಿಗೆ ಕೈ ಕೊಟ್ಟಿದ್ದಾನೆ.